ಬೆಟ್ಟದ ಕಾಲುದಾರಿಯೂ ಯಂತ್ರಸಾಧನಗಳೂ

ನಮ್ಮ ಚಿಕ್ಕಯ್ಯನಛತ್ರದ ಹೆಸರಿನಲ್ಲಿಯೇ ಒಂದು ಛತ್ರವು ಅಡಗಿರುವುದು. ಗಾಡಿ ಕುದುರೆಗಳ ಅನುಕೂಲವಿಲ್ಲದವನು ಕಾಲ್ನಡಿಗೆಯಲ್ಲಿ ಬಂದು, ಒಂದು ರಾತ್ರಿ ತಂಗಿ, ಬೆಳಗಾದ ಮೇಲೆ ನಂಜನಗೂಡಿನ ಕಡೆಗೋ ತಿರುಮಕೂಡಲಿನ ಕಡೆಗೋ ಹೆಜ್ಜೆ ಹಾಕುತ್ತಿದ್ದ ಕಾಲದ ಗುರುತು ಅದು. ಈಗಿನವರು ಬಸ್ಸು ನಿಂತ ಅರೆನಿಮಿಷದಲ್ಲಿ ಹತ್ತಿ ಹೊರಟುಬಿಡುವರು. ಆದರೂ ನಡೆಯುವವರ ಕಾಲವು ಮುಗಿದುಹೋಯಿತೆಂದು ವಾಚಕರು ಭಾವಿಸಕೂಡದು. ಆಷಾಢಮಾಸದ ಶುಕ್ರವಾರಗಳಲ್ಲಿ ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮಗಳನ್ನು ಹಚ್ಚುತ್ತ ಚಾಮುಂಡಿಬೆಟ್ಟವನ್ನು ಏರುವ ಹೆಂಗಸರನ್ನು ನೋಡಿದವರು ಹಾಗೆ ಹೇಳಲಾರರು. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗುವವರ ಸಾಲು ನಮ್ಮ ಸೀಮೆಯ ರಸ್ತೆಗಳಲ್ಲಿ ಇಂದಿಗೂ ಕಾಣುವುದು. ಇವರಲ್ಲದೆ, ಬೆನ್ನಿಗೆ ಚೀಲವನ್ನು ಕಟ್ಟಿಕೊಂಡು ಬೆಟ್ಟ ಹತ್ತುವುದನ್ನೇ ಒಂದು ವಿನೋದವಾಗಿ ಮಾಡಿಕೊಂಡಿರುವ ಯುವಕರು ಬೇರೆ. ಇದಕ್ಕೆ ಅವರು ಚಾರಣವೆಂದು ಹೆಸರಿಟ್ಟಿರುವರು. ೨೦೨೪ನೆಯ ಇಸವಿಯ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯ ದಿನಗಳಲ್ಲಿ, ೧೭೧೨ ಮೀಟರ್ ಎತ್ತರದ ಕುಮಾರಪರ್ವತದ ಕಾಲುದಾರಿಗೆ ಇಂತಹವರು ಸಾವಿರಾರು ಮಂದಿ ಒಮ್ಮೆಗೇ ನುಗ್ಗಿ, ಸಂತೆಯ ಬೀದಿಯಂತೆ ಸಾಲುಗಟ್ಟಿ ನಿಂತರು. ಅನಂತರ ಸರ್ಕಾರದವರು ಚಾರಣಕ್ಕೆ ಕೆಲಕಾಲ ತಡೆಹಾಕಬೇಕಾಯಿತು.

ಸಂಸ್ಕೃತದಲ್ಲಿ ಮಾರ್ಗವೆಂಬ ಶಬ್ದದ ಮೂಲವನ್ನು ಹುಡುಕಿದರೆ ಅಲ್ಲಿ ಮೃಗವು ನಿಂತಿರುವುದು. ಜಿಂಕೆಯು ನಡೆದು ನಡೆದು ಬಿದ್ದ ಜಾಡೇ ಮೊದಲನೆಯ ಮಾರ್ಗ. ಜಿಂಕೆಯ ಜಾಡಿಗೆ ಗುದ್ದಲಿ ಬೇಕಿಲ್ಲ. ಆದರೆ ವರ್ಷಕ್ಕೆ ಸಾವಿರಾರು ಮನುಷ್ಯರು ತುಳಿಯುವ ಕಾಲುದಾರಿಯನ್ನು ಯಾರಾದರೂ ಕಡಿಯಬೇಕು, ಕಟ್ಟಬೇಕು, ಪ್ರತಿವರ್ಷವೂ ನೋಡಿಕೊಳ್ಳಬೇಕು. ಯಾವ ಸಾಧನದಿಂದ ಎಂಬ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ. ನಾನೇ ಕೈಯಾರೆ ಮಾಡಿದ ಒಂದು ತಪ್ಪಿನಿಂದ ಹುಟ್ಟಿದ್ದು. ಆ ಕಥೆಯನ್ನು ಹೇಳದೆ ಮುಂದಿನ ವಿಷಯಕ್ಕೆ ಹೋದರೆ ಅದು ಪ್ರಾಮಾಣಿಕತನವಾಗದು.

ನಮ್ಮ ಹೋಬಳಿಯಲ್ಲಿ ಒಂದು ಸಣ್ಣ ಗುಡ್ಡವುಂಟು. ಎತ್ತರವು ಇನ್ನೂರು ಅಡಿಯಷ್ಟಿರಬಹುದು. ಮೇಲೆ ಒಂದು ಬಸವಣ್ಣನ ಗುಡಿ. ಕಾರ್ತಿಕ ಸೋಮವಾರಗಳಂದು ದೀಪ ಹಚ್ಚಲು ಊರಿನ ಹೆಂಗಸರು ಹತ್ತುವರು. ನನ್ನ ಗೃಹಿಣಿಯೂ ಮದುವೆಯಾಗಿ ಬಂದಂದಿನಿಂದ ಈ ವ್ರತವನ್ನು ಬಿಟ್ಟವಳಲ್ಲ. ಮೂರು ವರ್ಷಗಳ ಕೆಳಗೆ, ನನ್ನ ನಿವೃತ್ತಿಗೆ ಇನ್ನು ಕೆಲವೇ ತಿಂಗಳುಗಳಿರುವಾಗ, ಅವಳ ಮಂಡಿಗಳು ನೋಯಲು ತೊಡಗಿದುವು. ಹಳೆಯ ದಾರಿಯು ಇಕ್ಕಟ್ಟು. ಒಬ್ಬರು ಇಳಿಯುವಾಗ ಇನ್ನೊಬ್ಬರು ಪೊದೆಯೊಳಕ್ಕೆ ಸರಿದು ನಿಲ್ಲಬೇಕು. ಊರಿನ ಹಿರಿಯರು ಸೇರಿ ದಾರಿಯನ್ನು ಅಗಲ ಮಾಡಿಸುವ ಯೋಚನೆ ಮಾಡಿದಾಗ, ಮಣ್ಣು ತೋಡುವ ಯಂತ್ರವನ್ನು ಬಾಡಿಗೆಗೆ ತರಿಸಿದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುವುದೆಂದು ಸಭೆಯಲ್ಲಿ ಎದ್ದುನಿಂತು ವಾದಿಸಿದವನು ನಾನೇ. ಬಾಡಿಗೆಯ ಹಣದಲ್ಲಿ ಒಂದು ಭಾಗವನ್ನೂ ಕೊಟ್ಟೆನು.

ಯಂತ್ರವು ಬಂದಿತು. ಏಳೆಂಟು ಟನ್ ತೂಕ, ಏಳು ಅಡಿಗೂ ಮಿಕ್ಕಿದ ಅಗಲ. ಅಷ್ಟು ಅಗಲದ ವಾಹನವು ಗುಡ್ಡವನ್ನು ಏರಬೇಕಾದರೆ ಮೊದಲು ತನಗೆ ತಾನೇ ಏಳೆಂಟು ಅಡಿಯ ದಾರಿಯನ್ನು ಕೊರೆದುಕೊಳ್ಳಬೇಕು. ದಾರಿ ಎಷ್ಟು ಅಗಲವಿರಬೇಕೆಂಬುದನ್ನು ಆ ದಿನ ತೀರ್ಮಾನಿಸಿದವರು ನಾವಲ್ಲ, ಯಂತ್ರದ ಚಕ್ರಗಳು. ಗುದ್ದಲಿ ಮಂಕರಿಗಳನ್ನು ಹಿಡಿದು ಕೆಲಸ ಸಿಕ್ಕೀತೆಂದು ಬಂದಿದ್ದ ಹತ್ತು ಹನ್ನೆರಡು ಮಂದಿ ಆಳುಗಳು ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದು ಹಿಂದಿರುಗಿದರು. ಗ್ರಾಮೀಣರ ಉದ್ಯೋಗಕ್ಕಾಗಿ ೨೦೦೫ರಲ್ಲಿ ಮಾಡಿದ ಕಾಯಿದೆಯಲ್ಲಿ, ಕೂಲಿಯವರ ಕೈಯಿಂದ ಕೆಲಸವನ್ನು ಕಸಿಯುವ ಯಂತ್ರಗಳನ್ನು ಸಾಧ್ಯವಾದಷ್ಟೂ ಬಳಸಬಾರದೆಂದು ಬರೆದಿದ್ದರು. ನಮ್ಮದು ಚಂದಾ ಹಣದ ಕೆಲಸವಾದುದರಿಂದ ಆ ನಿಯಮವು ನಮಗೆ ತಗಲಲಿಲ್ಲ. ಆದರೂ ಅವರು ಹಿಂದಿರುಗಿದ ರೀತಿಯನ್ನು ನೆನೆದರೆ ನನಗೆ ಈಗಲೂ ಮುಜುಗರವಾಗುವುದು. ಅವರಲ್ಲಿ ಇಬ್ಬರು ನನ್ನ ಶಿಷ್ಯರೇ.

ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಬುಡದಿಂದ ಗುಡಿಯವರೆಗೆ ಕೆಂಪು ನಾಮವನ್ನು ಎಳೆದಂತೆ ನೇರವಾದ ದಾರಿಯು ಸಿದ್ಧವಾಯಿತು. ಎಲ್ಲರೂ ಹೊಗಳಿದರು. ಮುಂದಿನ ಮುಂಗಾರಿನಲ್ಲಿ ಮೂರು ದೊಡ್ಡ ಮಳೆಗಳು ಬಿದ್ದುವು. ದಾರಿಯು ಹಳ್ಳವಾಯಿತು. ನಡುವೆ ಮೊಳಕಾಲುದ್ದದ ಕೊರಕಲು ಬಿದ್ದು, ಅಲ್ಲಿಂದ ಹೊರಟ ಮರಳು ಮೊರಂಬುಗಳೆಲ್ಲ ಬುಡದಲ್ಲಿದ್ದ ಒಬ್ಬ ಬಡ ರೈತನ ರಾಗಿಯ ಹೊಲದ ಮೇಲೆ ಹಾಸಿಕೊಂಡುವು. ಕಾರ್ತಿಕದಲ್ಲಿ ನನ್ನ ಗೃಹಿಣಿಯು ಆ ಕೊರಕಲನ್ನು ದಾಟುವಾಗ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ಅವಳಿಗೆಂದು ಮಾಡಿಸಿದ ದಾರಿ ಅದು.

ಇದು ಹೇಗಾಯಿತೆಂಬುದನ್ನು ನನಗೆ ತಿಳಿಸಿಕೊಟ್ಟವನು ಪಕ್ಕದ ಹಳ್ಳಿಯ ಒಬ್ಬ ಮುದುಕ ಕಲ್ಲುಕುಟಿಗ. ಆಮೇಲೆ ಈ ವಿದ್ಯೆಯನ್ನು ಬಲ್ಲವರ ಬರಹಗಳನ್ನು ಓದಿದಾಗ ಅವನ ಮಾತೇ ಅಲ್ಲಿಯೂ ಕಂಡಿತು. ಬೆಟ್ಟದ ದಾರಿಗೆ ಶತ್ರುವು ಕಾಲಲ್ಲ, ನೀರು. ನೀರು ಇಳಿಜಾರಿನಲ್ಲಿ ಅತಿ ಸುಲಭವಾದ ಹಾದಿಯನ್ನು ಹುಡುಕುವುದು. ಪಕ್ಕದ ಇಳಿಜಾರು ಎಷ್ಟು ಕಡಿದಾಗಿದೆಯೋ ಅದರ ಅರ್ಧಕ್ಕಿಂತ ಹೆಚ್ಚು ಕಡಿದಾಗಿ ಕಾಲುದಾರಿಯನ್ನು ತೆಗೆದರೆ, ನೀರು ದಾರಿಯನ್ನು ಅಡ್ಡಹಾಯ್ದು ಹೋಗುವ ಬದಲು ದಾರಿಯಲ್ಲಿಯೇ ಇಳಿಯತೊಡಗುವುದು. ಆದುದರಿಂದ ದಾರಿಯು ಬೆಟ್ಟದ ಸೊಂಟವನ್ನು ಬಳಸಿಕೊಂಡು ಹೋಗಬೇಕು. ಸರಾಸರಿ ನೂರು ಅಡಿ ನಡೆದರೆ ಹತ್ತು ಅಡಿ ಏರಿದರೆ ಸಾಕು. ದಾರಿಯ ಮೈಯೂ ಹೊರಗಡೆಗೆ ತುಸು ವಾಲಿರಬೇಕು, ಮೂರಡಿ ಅಗಲಕ್ಕೆ ಎರಡಂಗುಲದಷ್ಟು. ಆಗ ಮಳೆಯ ನೀರು ತೆಳುವಾದ ಹಾಳೆಯಂತೆ ಅಡ್ಡಲಾಗಿ ಹರಿದುಹೋಗುವುದು. ಅಲ್ಲಲ್ಲಿ ಏರುವ ದಾರಿಯನ್ನು ಹತ್ತು ಹೆಜ್ಜೆಯಷ್ಟು ಕೊಂಚ ಇಳಿಸಿ ಮತ್ತೆ ಏರಿಸಿದರೆ, ಒಳಗೆ ಸೇರಿದ ನೀರು ಆ ತಗ್ಗಿನಲ್ಲಿ ಹೊರಬೀಳುವುದು.

ನಮ್ಮ ಯಂತ್ರದ ದಾರಿಯಲ್ಲಿ ಇದೊಂದೂ ಇರಲಿಲ್ಲ. ನೇರವಾಗಿ ಏರಿದ್ದು ಒಂದು ದೋಷ. ಇನ್ನೊಂದು ಸಣ್ಣದು, ಆದರೆ ಅದೇ ಘಾತಕವಾದದ್ದು: ಯಂತ್ರದ ಬಾಯಿಯು ಮಣ್ಣನ್ನು ಕೆರೆದು ಹೊರ ಅಂಚಿಗೆ ತಳ್ಳುವಾಗ ಅಲ್ಲಿ ಒಂದು ಗೇಣುದ್ದದ ಏರಿಯು ನಿಂತುಬಿಟ್ಟಿತು. ನೋಡುವವರ ಕಣ್ಣಿಗೆ ಅದು ತಡೆಗೋಡೆಯಂತೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ನೀರು ಹೊರಬೀಳಲು ಇದ್ದ ಬಾಗಿಲನ್ನೇ ಅದು ಮುಚ್ಚಿ, ದಾರಿಯನ್ನು ಕಾಲುವೆಯನ್ನಾಗಿ ಮಾಡಿತ್ತು. ಕೈಯಲ್ಲಿ ಸನಿಕೆ ಹಿಡಿದವನು ಆ ಏರಿಯನ್ನು ಗಳಿಗೆಯಲ್ಲಿ ಸರಿಸಿಬಿಡಬಹುದಾಗಿತ್ತು. ಆದರೆ ಸನಿಕೆಯವರನ್ನು ನಾವು ಆ ಬೆಳಗ್ಗೆಯೇ ಕಳುಹಿಸಿಬಿಟ್ಟಿದ್ದೆವು.

ಚಾಮುಂಡಿಬೆಟ್ಟವನ್ನೇ ನೋಡಿ. ಅದರ ಸಾವಿರ ಮೆಟ್ಟಿಲುಗಳು ೧೬೫೯ರಿಂದ ೧೬೭೩ರವರೆಗೆ ಆಳಿದ ದೊಡ್ಡದೇವರಾಜ ಒಡೆಯರ ಕಾಲದವು. ನಡುದಾರಿಯ ಮಹಾನಂದಿಯೂ ಅವರ ಕಾಲದ್ದೇ. ಆಗ ಇದ್ದುವೆಲ್ಲ ಉಳಿ, ಸುತ್ತಿಗೆ, ಬೆಣೆ, ಹಾರೆ, ಹಗ್ಗ, ಎತ್ತು. ಆ ಬೆಟ್ಟದ ಕಣಶಿಲೆಗೆ ಸುಮಾರು ೮೦ ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುವರು; ಅದನ್ನು ಕೈಯಿಂದ ಕಡಿದು ಹಾಸಿದವರ ತಾಳ್ಮೆಯನ್ನು ಊಹಿಸುವುದೇ ಕಷ್ಟ. ೨೦೨೧ರ ಅಕ್ಟೋಬರಿನಲ್ಲಿ ಜಡಿಮಳೆ ಹಿಡಿದಾಗ, ಅದೇ ಬೆಟ್ಟದಲ್ಲಿ ನಂದಿಯ ಕಡೆಗೆ ಹೋಗುವ ಡಾಂಬರಿನ ರಸ್ತೆಯು ಕುಸಿದು ಸಂಚಾರವು ನಿಂತಿತು. ಹಳೆಯದೆಲ್ಲ ಗಟ್ಟಿ, ಹೊಸದೆಲ್ಲ ಟೊಳ್ಳು ಎಂದು ಸಾರಲು ಈ ಮಾತನ್ನು ಹೇಳುತ್ತಿಲ್ಲ. ವಾಹನದ ರಸ್ತೆಗೆ ಅಗಲ ಬೇಕು. ಅಗಲಕ್ಕೆ ಬೆಟ್ಟದ ಮೈಯನ್ನು ಹೆಚ್ಚಾಗಿ ಕಡಿಯಬೇಕು. ಹೆಚ್ಚಾಗಿ ಕಡಿದಲ್ಲಿ ನೀರಿಗೆ ಹೆಚ್ಚು ಎಡೆ ದೊರೆಯುವುದು. ಮನುಷ್ಯನ ಪಾದಕ್ಕೆ ಅಷ್ಟು ಬೇಡ.

ಹಾಗಾದರೆ ಯಂತ್ರವೇ ಬೇಡವೇ? ಕೈ ಮುರಿದ ಹೆಂಡತಿಯನ್ನು ಮನೆಯಲ್ಲಿ ಕೂರಿಸಿಕೊಂಡು ಕೆಲವು ತಿಂಗಳು ನಾನೂ ಹಾಗೆಯೇ ಕೂಗಾಡಿದೆನು. ಆದರೆ ದಾರಿಯನ್ನು ಮತ್ತೆ ಕಟ್ಟಲು ಹೊರಟಾಗ ಆ ಮುದುಕ ಕಲ್ಲುಕುಟಿಗನೇ ಮೊದಲು ಕೇಳಿದ್ದು ಯಂತ್ರವನ್ನು. ಅವನಿಗೆ ಬೇಕಾದದ್ದು ಟ್ರಾಕ್ಟರಿಗೆ ಜೋಡಿಸಿದ ಕಂಪ್ರೆಸರು, ಅಂದರೆ ಗಾಳಿಯನ್ನು ಒತ್ತಿ ಕೊಳವೆಯ ಮೂಲಕ ಕಳುಹಿಸಿ ಬೈರಿಗೆಯನ್ನು ಬಡಿಯುವ ಯಂತ್ರ. "ಸ್ವಾಮೀ, ಉಳಿಯಿಂದ ಕುಳಿ ಹೊಡೆದು ಹೊಡೆದೇ ನನ್ನ ಭುಜ ಹೋಯಿತು, ಕುಳಿಗೆ ಯಂತ್ರ ಕೊಡಿ, ಬೆಣೆ ನಾನು ಇಡುತ್ತೇನೆ" ಎಂದನು. ಟ್ರಾಕ್ಟರು ಬುಡದಲ್ಲಿಯೇ ನಿಂತಿತು. ಉದ್ದನೆಯ ಕೊಳವೆಯು ಮಾತ್ರ ಮೇಲೇರಿತು. ಬಂಡೆಯ ಮೇಲೆ ಒಂದೇ ಸಾಲಿನಲ್ಲಿ ಗೇಣಿಗೊಂದರಂತೆ ಕುಳಿಗಳನ್ನು ಕೊರೆದು, ಒಂದೊಂದರಲ್ಲಿಯೂ ಎರಡು ಕಬ್ಬಿಣದ ತಗಡುಗಳನ್ನೂ ಅವುಗಳ ನಡುವೆ ಬೆಣೆಯನ್ನೂ ಇಟ್ಟು, ಈ ಕೊನೆಯಿಂದ ಆ ಕೊನೆಗೆ ಸರದಿಯಂತೆ ಒಂದೊಂದೇ ಪೆಟ್ಟು ಕೊಡುತ್ತ ಹೋದನು. ಪ್ರತಿ ಸುತ್ತಿಗೂ ಬೆಣೆಯ ನಾದವು ಏರುವುದು. ನಾದವು ತಟಕ್ಕನೆ ಮಂಕಾದಾಗ ಅವನು ಸುತ್ತಿಗೆಯನ್ನು ಕೆಳಗಿಟ್ಟು ಸುಮ್ಮನೆ ಕುಳಿತನು. ಸ್ವಲ್ಪ ಹೊತ್ತಿನಲ್ಲಿ ಬಂಡೆಯು ಹಲಸಿನ ತೊಳೆಯಂತೆ ಬಿಚ್ಚಿಕೊಂಡಿತು.

ಕೊರೆಯುವಾಗ ಏಳುವ ಧೂಳಿನ ವಿಷಯದಲ್ಲಿ ಮಾತ್ರ ಅವನೊಡನೆ ನಾನು ಜಗಳವಾಡಿದೆನು. ಕಣಶಿಲೆಯ ಧೂಳಿನಲ್ಲಿರುವ ಸಿಲಿಕವು ಶ್ವಾಸಕೋಶವನ್ನು ಹೊಕ್ಕು ಅಲ್ಲಿಯೇ ನೆಲಸಿ, ವರ್ಷಗಳ ಮೇಲೆ ಸಿಲಿಕೋಸಿಸ್ ಎಂಬ ಗುಣವಾಗದ ರೋಗವನ್ನು ತರುವುದು. ಉಳಿಯಿಂದ ಏಳುವ ಧೂಳಿಗಿಂತ ಯಂತ್ರದಿಂದ ಏಳುವುದು ಬಹಳ ಹೆಚ್ಚು, ಬಹಳ ಸಣ್ಣದು. ಕುಳಿಗೆ ನೀರು ಸುರಿಯುತ್ತ ಕೊರೆದರೆ ಅದು ಕೆಸರಾಗಿ ಹರಿದುಹೋಗುವುದು. ಒಬ್ಬ ಹುಡುಗನು ತಂಬಿಗೆ ಹಿಡಿದು ನಿಲ್ಲುವವರೆಗೆ ಕೆಲಸ ಮಾಡಗೊಡಲಿಲ್ಲ. ಮುದುಕನು ಗೊಣಗಿದನು, ಅವನ ಅಣ್ಣನು ಕೆಮ್ಮಿಯೇ ಸತ್ತನೆಂಬುದನ್ನು ಅವನೇ ಹಿಂದೆ ನನಗೆ ಹೇಳಿದ್ದನು.

ಸೀಳಿದ ಚಪ್ಪಡಿಗಳನ್ನು ಸಾಗಿಸಿದ್ದು ಕೈಯಿಂದ ತಿರುಗಿಸುವ ರಾಟೆಯಲ್ಲಿ. ಮೂರು ಕಂಬಗಳ ಗೋಪುರ, ಸರಪಣಿ, ಕೊಂಡಿ, ಇಷ್ಟೇ. ಎಣ್ಣೆಯನ್ನು ಕುಡಿಯದು, ಗದ್ದಲ ಮಾಡದು. ಕೈ ಬಿಟ್ಟರೆ ಕಲ್ಲು ಇದ್ದಲ್ಲಿಯೇ ನಿಲ್ಲುವುದು. ಪರದೇಶಗಳಲ್ಲಿ ದಾರಿ ಕಟ್ಟುವವರಿಗೂ ಇಂತಹ ಕೈರಾಟೆಯೇ ಬಹಳ ಪ್ರಿಯವೆಂದು ಓದಿದ್ದೇನೆ. ಅಲ್ಲಿ ಮೂರಡಿಯ ಒಳಗಿನ ಅಗಲದ ಪುಟ್ಟ ತೋಡುಯಂತ್ರಗಳೂ, ಹಳಿಗಾಲಿಯ ಮೇಲೆ ತೆವಳುವ ಸಾಮಾನಿನ ಗಾಡಿಗಳೂ ಇವೆ. ಅಂತಹ ಯಂತ್ರವಾದರೆ ದಾರಿಯ ಅಗಲವನ್ನು ಮೀರದು. ಆದರೂ ಅದರ ಹಿಂದೆ ಇಬ್ಬರು ಸಲಕರಣೆ ಹಿಡಿದು ನಡೆದು ಹೊರ ಅಂಚನ್ನು ತಿದ್ದದೆ ಇದ್ದರೆ ನಮ್ಮ ಗತಿಯೇ ಆಗುವುದು.

ಪೊದೆಗಳ ಕಥೆಯು ಇನ್ನೂ ವಿಚಿತ್ರ. ನನ್ನ ತಂಗಿಯ ಮೊಮ್ಮಗನು ಬ್ರಷ್ ಕಟರ್ ಎಂಬ ಯಂತ್ರವನ್ನು ತಂದನು. ಭುಜಕ್ಕೆ ನೇತುಹಾಕಿಕೊಂಡು, ಉದ್ದನೆಯ ಕೋಲಿನ ತುದಿಯಲ್ಲಿ ಗಿರ್ರನೆ ತಿರುಗುವ ಅಲಗಿನಿಂದ ಪೊದೆಗಳನ್ನು ಸವರುವುದು. ಅಲಗಿಗೆ ಸಿಕ್ಕ ಹರಳುಕಲ್ಲು ಗುಂಡಿನಂತೆ ಹಾರುವುದರಿಂದ ಬಳಿಯಲ್ಲಿ ಐವತ್ತು ಅಡಿಯೊಳಗೆ ಯಾರೂ ಇರಕೂಡದು. ಕಣ್ಣಿಗೆ ಕನ್ನಡಕವೂ ಕಿವಿಗೆ ಮುಚ್ಚಳವೂ ಬೇಕು. ಒಂದು ಬೆಳಗಿನಲ್ಲಿ ದಾರಿಯ ಎರಡು ಮಗ್ಗುಲ ಲಂಟಾನದ ಪೊದೆಗಳೆಲ್ಲ ನೆಲಸಮವಾದುವು. ಮಳೆ ಬಿದ್ದ ಎರಡು ತಿಂಗಳಿಗೆ ಮೊದಲಿಗಿಂತ ದಟ್ಟವಾಗಿ ಚಿಗುರಿದುವು. ಒಂದು ಕೊಂಬೆ ಇದ್ದಲ್ಲಿ ಐದು. ಆಗ ಕುರಿ ಮೇಯಿಸುವ ಒಬ್ಬ ಮುದುಕಿಯು ನಕ್ಕು, ಪಿಕಾಸಿಯನ್ನು ತರಿಸಿ, ಬುಡದ ಗಂಟಿನ ಕೆಳಗೆ ತಾಯಿಬೇರನ್ನು ಕಡಿದು, ಇಡೀ ಗಿಡವನ್ನು ಎತ್ತಿ ಬೇರು ಮೇಲಾಗಿ ಮಗುಚಿಟ್ಟಳು. ಕಾಡಿನ ಶಾಸ್ತ್ರವನ್ನು ಬಲ್ಲವರು ಲಂಟಾನಕ್ಕೆ ಹೇಳುವ ಉಪಾಯವೂ ಇದೇ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಅಂದಕ್ಕಾಗಿ ಕಲ್ಕತ್ತೆಯ ತೋಟಕ್ಕೆ ತಂದ ಆ ಹೂಗಿಡವು ಇಂದು ಬಂಡೀಪುರದ ಕಾಡನ್ನೇ ಆವರಿಸಿಕೊಂಡಿರುವುದು. ೨೦೧೯ರ ಫೆಬ್ರವರಿಯಲ್ಲಿ ಅಲ್ಲಿ ಕಿಚ್ಚು ಹಬ್ಬಿದಾಗ ಅದರ ಒಣಪೊದೆಯು ಹೇಗೆ ಉರಿಯುವುದೆಂಬುದನ್ನು ಕಂಡವರು ಮರೆಯರು. ಬೆಂಕಿಯ ತಡೆಗೆರೆಗಳಲ್ಲಿ ಹುಲ್ಲು ಸವರಲು ಈ ಯಂತ್ರವು ಬಲು ಉಪಯೋಗವಾಗುವುದು. ನಾವೂ ಈಗ ಹುಲ್ಲಿಗೆ ಮಾತ್ರ ಅದನ್ನು ಇಟ್ಟುಕೊಂಡಿದ್ದೇವೆ.

ಹೊಸ ದಾರಿಗೆ ಅಡ್ಡಲಾಗಿ ಒಂದು ದೊಡ್ಡ ಒಣಮರವು ಬಿದ್ದಿತ್ತು. ಅರಣ್ಯದ ಕಚೇರಿಗೆ ತಿಳಿಸಿ, ಒಪ್ಪಿಗೆ ಬಂದ ಮೇಲೆ, ಪೆಟ್ರೋಲಿನ ಸರಪಣಿ ಗರಗಸದವನನ್ನು ಕರೆಸಿದೆವು. ಕೈಗರಗಸದಿಂದ ಇಬ್ಬರು ಒಂದು ಹಗಲು ಕೊಯ್ಯುವ ದಿಮ್ಮಿಯನ್ನು ಅವನು ಕಾಲು ಗಂಟೆಯಲ್ಲಿ ತುಂಡರಿಸಿದನು. ಆದರೆ ಕೊಯ್ಯುವುದಕ್ಕೆ ಮುಂಚೆ ಅಷ್ಟೇ ಹೊತ್ತು ಮರದ ಸುತ್ತ ನಡೆದು ನೋಡಿದನು. ಬಾಗಿ ನಿಂತ ದಿಮ್ಮಿಯ ಒಂದು ಮೈ ಒತ್ತಿಕೊಂಡಿರುವುದು, ಇನ್ನೊಂದು ಮೈ ಎಳೆದುಕೊಂಡಿರುವುದು. ಒತ್ತಿದ ಕಡೆಯಿಂದಲೇ ಆಳವಾಗಿ ಕೊಯ್ದರೆ ಗರಗಸವು ಹಲ್ಲಿನ ನಡುವೆ ಸಿಕ್ಕಂತೆ ಸಿಕ್ಕಿಬೀಳುವುದು. ಎಳೆದ ಕಡೆಯನ್ನು ಎಚ್ಚರವಿಲ್ಲದೆ ಕೊಯ್ದರೆ ದಿಮ್ಮಿಯು ಸಿಡಿದು ಕಾಲನ್ನು ಮುರಿಯುವುದು. ಗರಗಸದ ಮೂತಿಯ ಮೇಲ್ಭಾಗವು ಮರಕ್ಕೆ ತಗಲಿದರೆ ಇಡೀ ಯಂತ್ರವು ಹಿಂದಕ್ಕೆ, ಹಿಡಿದವನ ಮುಖದ ಕಡೆಗೆ, ಎಗರುವುದು. ಸಂಸ್ಕೃತದ ಯಂತ್ರ ಶಬ್ದವು ಹುಟ್ಟಿದ್ದು ಬಿಗಿಹಿಡಿಯುವುದು ಎಂಬರ್ಥದ ಧಾತುವಿನಿಂದ; ಅದೇ ಧಾತುವಿನಿಂದ ಸಾರಥಿಗೆ ಯಂತಾ ಎಂಬ ಹೆಸರೂ ಬಂದಿದೆ. ನಲವತ್ತು ವರ್ಷ ಶಬ್ದಗಳನ್ನು ತಿದ್ದಿದ ನನಗೆ ಈ ನಂಟು ಆ ದಿನ ಆ ಗರಗಸದವನನ್ನು ನೋಡುತ್ತಿದ್ದಾಗ ಮೊದಲಬಾರಿಗೆ ಅರ್ಥವಾಯಿತು.

ಅಮೆರಿಕದಲ್ಲಿ ೧೯೬೪ರ ಒಂದು ಕಾಯಿದೆಯ ಪ್ರಕಾರ, ವನ್ಯಪ್ರದೇಶಗಳೆಂದು ಗೊತ್ತುಮಾಡಿದ ಕಾಡುಗಳಲ್ಲಿ ಎಂಜಿನ್ನಿನ ಸಲಕರಣೆಯನ್ನು ಸಾಮಾನ್ಯವಾಗಿ ಬಳಸಕೂಡದು. ದಾರಿಗೆ ಬಿದ್ದ ಮರವನ್ನು ಅಲ್ಲಿ ಇಂದಿಗೂ ಇಬ್ಬರು ಹಿಡಿದೆಳೆಯುವ ಗರಗಸದಿಂದಲೇ ಕೊಯ್ಯುವರು. ೧೯೩೭ರಲ್ಲಿ ಪೂರ್ತಿಯಾದ, ಸುಮಾರು ೩೫೦೦ ಕಿಲೋಮೀಟರ್ ಉದ್ದದ ಅಪಲೇಷಿಯನ್ ಕಾಲುದಾರಿಯನ್ನು ಇಂದಿಗೂ ಹೆಚ್ಚಾಗಿ ನೋಡಿಕೊಳ್ಳುವವರು ಸಂಬಳವಿಲ್ಲದ ಸ್ವಯಂಸೇವಕರು. ನಮ್ಮಲ್ಲಿಯೂ ೧೯೭೨ರ ವನ್ಯಜೀವಿ ಕಾಯಿದೆ, ೧೯೮೦ರ ಅರಣ್ಯ ಸಂರಕ್ಷಣೆಯ ಕಾಯಿದೆಗಳುಂಟು. ಕಾಡಿನ ಬೆಟ್ಟಕ್ಕೆ ಯಾರೂ ಮನಬಂದಂತೆ ಯಂತ್ರವನ್ನು ಏರಿಸಲಾಗದು. ನಮ್ಮ ಗುಡ್ಡದಂತಹ ಊರೊಟ್ಟಿನ ಜಾಗಗಳಲ್ಲಿಯೇ ಅಪಾಯ ಹೆಚ್ಚು. ಅಲ್ಲಿ ಕೇಳುವವರು ನಾವೇ, ಒಪ್ಪುವವರೂ ನಾವೇ.

ಕೊನೆಗೆ ನಮ್ಮ ದಾರಿಯು ಮೂರಡಿ ಅಗಲದ್ದಾಯಿತು. ನೀರು ತುಂಬಿದ ಪಾರದರ್ಶಕ ಕೊಳವೆಯ ಎರಡು ತುದಿಗಳನ್ನು ಎರಡು ಕೋಲುಗಳಿಗೆ ಕಟ್ಟಿ ಮಟ್ಟ ನೋಡುತ್ತ ಏರನ್ನು ಗೊತ್ತುಮಾಡಿದೆವು. ಮೊದಲು ಐನೂರು ಅಡಿಯಲ್ಲಿ ನೆಟ್ಟಗೆ ಏರುತ್ತಿದ್ದ ದಾರಿಯು ಈಗ ಗುಡ್ಡವನ್ನು ಬಳಸಿ ಸಾವಿರದ ಎಂಟುನೂರು ಅಡಿ ನಡೆಯುವುದು. ತುದಿಯಲ್ಲಿ, ಬಂಡೆ ಇರುವಲ್ಲಿ, ಇಪ್ಪತ್ತೆರಡು ಮೆಟ್ಟಿಲುಗಳು. ಯಂತ್ರದ ಹಳೆಯ ಗಾಯಕ್ಕೆ ಅಡ್ಡಲಾಗಿ ಕಲ್ಲಿನ ಒಡ್ಡುಗಳನ್ನು ಇಟ್ಟು ಹುಲ್ಲು ನೆಟ್ಟಿದ್ದೇವೆ. ಅದು ಮಾಯಲು ಇನ್ನೂ ಎಷ್ಟು ಮಳೆಗಾಲಗಳು ಬೇಕೋ. ರೈತನ ಹೊಲದಿಂದ ಮರಳನ್ನು ಹೊತ್ತು ತೆಗೆದವರಲ್ಲಿ ನಾನೂ ಒಬ್ಬನು. ಅಂದು ಹಿಂದಿರುಗಿದ್ದ ಆಳುಗಳೆಲ್ಲ ಈ ಬಾರಿ ಐವತ್ತು ದಿನ ದುಡಿದರು. ಖರ್ಚು ಯಂತ್ರದ ಬಾಡಿಗೆಯ ಹಲವು ಪಟ್ಟು ಆಯಿತು. ಇದನ್ನು ಸಭೆಯಲ್ಲಿ ಇಂದಿಗೂ ಎತ್ತಿ ಆಡುವವರುಂಟು, ಅವರ ಲೆಕ್ಕವೇನೂ ಸುಳ್ಳಲ್ಲ. ಗುಡಿಯ ಬಾಗಿಲಿಗೆ ಟೆಂಪೋ ಹೋಗುವ ಹಾಗೆ ಮತ್ತೊಮ್ಮೆ ಅಗಲ ಮಾಡಿಸಬೇಕೆಂದು ಕೆಲವರು ಈ ಯುಗಾದಿಯಲ್ಲಿ ಅರ್ಜಿಯನ್ನೂ ಬರೆದಿರುವರು.

ಪ್ರತಿ ವರ್ಷ ಮುಂಗಾರಿಗೆ ಮೊದಲು ನಾವು ಐದಾರು ಮಂದಿ ಗುದ್ದಲಿ ಹಿಡಿದು ಹೋಗಿ, ದಾರಿಯ ಹೊರ ಅಂಚಿನಲ್ಲಿ ಸೇರಿದ ಮಣ್ಣನ್ನೂ ತಗ್ಗುಗಳಲ್ಲಿ ತುಂಬಿದ ತರಗನ್ನೂ ತೆಗೆದು ಬರುವೆವು. ಒಂದು ಬೆಳಗಿನ ಕೆಲಸ. ಕಳೆದ ಕಾರ್ತಿಕದಲ್ಲಿ ನನ್ನ ಗೃಹಿಣಿಯು ನಡುನಡುವೆ ಕಲ್ಲುಜಗಲಿಗಳ ಮೇಲೆ ಕೂತು ಕೂತು, ಒಂದು ಗಂಟೆಯ ಮೇಲೆ ಗುಡಿಯನ್ನು ಮುಟ್ಟಿದಳು. ದೀಪ ಹಚ್ಚಿ ಇಳಿಯುವಾಗ, ಹೊಗಳುವಳೆಂದು ಕಾದಿದ್ದ ನನಗೂ ಕಲ್ಲುಕುಟಿಗನಿಗೂ ಕೇಳಿಸುವಂತೆ, "ಹದಿನೇಳನೆಯ ಮೆಟ್ಟಿಲು ಎರಡು ಬೆರಳು ಎತ್ತರವಾಗಿದೆ, ಮಂಡಿಗೆ ಹಿಡಿಯುತ್ತದೆ" ಎಂದಳು. ಅಳೆದು ನೋಡಿದೆವು, ನಿಜವೇ. ಎರಡು ಬೆರಳಿಗಾಗಿ ಟ್ರಾಕ್ಟರನ್ನು ಕರೆಸುವುದು ಬೇಡವೆಂದು ಮುದುಕನು ಮಾರನೆಯ ದಿನ ಉಳಿ ಸುತ್ತಿಗೆಗಳನ್ನು ತೆಗೆದುಕೊಂಡು ಬಂದನು.